ಹಳೆಯ ಪಿಸ್ತೂಲುಗಳ ಮೋಹ: ನೆನಪಿನದೋ, ಯಂತ್ರದ್ದೋ?

ಪ್ರಶ್ನೆ: ಓಹಾಯೊ ಹೊಸಬ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಓಹಾಯೊ ರಾಜ್ಯದಲ್ಲಿ ಕೆಲವು ವರ್ಷಗಳಿಂದ ನೆಲೆಸಿರುವ ನಾನು, ಒಂದೂವರೆ ವರ್ಷದ ಹಿಂದೆ ಸಹೋದ್ಯೋಗಿಯೊಬ್ಬರ ಒತ್ತಾಯಕ್ಕೆ ಮಣಿದು ಇಲ್ಲಿಯ ಶೂಟಿಂಗ್ ಕ್ಲಬ್ಬೊಂದರ ಸದಸ್ಯನಾದೆ. ಸುರಕ್ಷತೆಯ ತರಗತಿ ಮುಗಿಸಿದ ಮೇಲೆ, ತರಬೇತುದಾರರ ಸಲಹೆಯಂತೆ ಪ್ಲಾಸ್ಟಿಕ್ ಚೌಕಟ್ಟಿನ, 9 ಮಿ.ಮೀ. ಗುಂಡಿನ ಹೊಸ ಮಾದರಿಯ ಪಿಸ್ತೂಲೊಂದನ್ನು ಕೊಂಡೆ. ಅದು ಹಗುರವಾಗಿದೆ, ಮ್ಯಾಗಜೀನಿನಲ್ಲಿ 17 ಗುಂಡು ಹಿಡಿಸುತ್ತದೆ, ಧೂಳು ತೇವಗಳನ್ನು ಲೆಕ್ಕಿಸುವುದಿಲ್ಲ, ಇದುವರೆಗೆ ಒಂದು ಸಲವೂ ಗುಂಡು ಸಿಕ್ಕಿಕೊಂಡು ನಿಂತಿಲ್ಲ. ದೂರುವುದಕ್ಕೆ ನನ್ನಲ್ಲಿ ಕಾರಣವೇ ಇಲ್ಲ.

ಆದರೆ ಮೊದಲ ತಿಂಗಳಿನಿಂದಲೂ ಒಂದು ಸಂಗತಿ ನನ್ನನ್ನು ಕಾಡುತ್ತಿದೆ. ಕ್ಲಬ್ಬಿನ ಹಿರಿಯ ಸದಸ್ಯರಲ್ಲಿ ಬಹುತೇಕರ ಬಳಿ ನನ್ನದಕ್ಕಿಂತ ದುಬಾರಿಯಾದ ಆಧುನಿಕ ಪಿಸ್ತೂಲುಗಳಿವೆ. ಹಾಗಿದ್ದೂ ಶನಿವಾರ ಬೆಳಿಗ್ಗೆ ಅವರು ಚೀಲದಿಂದ ಹೊರತೆಗೆಯುವುದು 1911ನೆಯ ಇಸವಿಯ ವಿನ್ಯಾಸದ ಕೋಲ್ಟ್ ಮಾದರಿಯನ್ನೋ ಬ್ರೌನಿಂಗ್ ಹೈ-ಪವರ್ ಅನ್ನೋ ಆಗಿರುತ್ತದೆ; ಒಬ್ಬರಂತೂ ವರ್ಷಕ್ಕೆ ಒಂದೆರಡು ಸಲ ಜರ್ಮನಿಯ ಹಳೆಯ ಲೂಗರ್ ಅನ್ನು ಬಟ್ಟೆಯಲ್ಲಿ ಸುತ್ತಿ ತರುತ್ತಾರೆ, ನಾಲ್ಕು ಮ್ಯಾಗಜೀನ್ ಹಾರಿಸಿ, ಮತ್ತೆ ಎಣ್ಣೆ ಸವರಿ, ಮಗುವನ್ನು ಮಲಗಿಸಿದಷ್ಟು ಜೋಪಾನವಾಗಿ ಪೆಟ್ಟಿಗೆಯಲ್ಲಿ ಇಡುತ್ತಾರೆ. ಆ ಹೊತ್ತಿನಲ್ಲಿ ಅಕ್ಕಪಕ್ಕದ ಸಾಲಿನವರೆಲ್ಲ ಕೆಲಸ ಬಿಟ್ಟು ಅಲ್ಲಿ ನೆರೆಯುತ್ತಾರೆ.

ಇದು ಬರಿಯ ಹಳೆಯ ಕಾಲದ ಹಂಬಲವಿರಬೇಕೆಂದು ಸುಮ್ಮನಿದ್ದೆ. ಕಳೆದ ತಿಂಗಳು ಹಿರಿಯರೊಬ್ಬರು ತಮ್ಮ 1911 ಅನ್ನು ನನ್ನ ಕೈಗಿಟ್ಟು, ಒಂದೇ ಕೈಯಲ್ಲಿ ಹಿಡಿದು 25 ಗಜದ ಗುರಿಗೆ ಐದು ಗುಂಡು ಹಾರಿಸಿ ನೋಡು ಎಂದರು. ಅದರ ತೂಕಕ್ಕೂ .45 (0.45 ಇಂಚು ವ್ಯಾಸದ) ಗುಂಡಿನ ಹೆಸರಿಗೂ ಹೆದರಿಯೇ ಹಾರಿಸಿದೆ. ಕಾಗದವನ್ನು ಹತ್ತಿರಕ್ಕೆ ತರಿಸಿ ನೋಡಿದರೆ, ನನ್ನ ಸ್ವಂತ ಪಿಸ್ತೂಲಿನಲ್ಲಿ ಒಂದು ಕೈಯಿಂದ ಎಂದೂ ಸಾಧಿಸದಷ್ಟು ಹತ್ತಿರ ಹತ್ತಿರ ತೂತುಗಳು ಬಿದ್ದಿದ್ದವು. ಹಿರಿಯರು ಏನೂ ಹೇಳದೆ ನಕ್ಕರು.

ಹಾಗಾಗಿ ಬಲ್ಲವರಲ್ಲಿ ನನ್ನ ಪ್ರಶ್ನೆ ಇಷ್ಟು. ಈ ಹಳೆಯ ಅರೆಸ್ವಯಂಚಾಲಿತ (ಒಂದು ಎಳೆತಕ್ಕೆ ಒಂದು ಗುಂಡು ಹಾರಿಸಿ, ಮುಂದಿನದನ್ನು ತಾನೇ ತುಂಬಿಕೊಳ್ಳುವ) ಪಿಸ್ತೂಲುಗಳ ಆಕರ್ಷಣೆ ಯಂತ್ರದ ಒಳಗೇ ಇರುವಂಥದ್ದೇ, ಅಥವಾ ಅವುಗಳ ಸುತ್ತ ಹೆಣೆದುಕೊಂಡಿರುವ ಕಥೆಗಳಿಂದ ಬಂದದ್ದೇ? ಅಂದಿನ ನನ್ನ ಐದು ಗುಂಡುಗಳು ಕಾಕತಾಳೀಯವೇ?

ಉತ್ತರ 1: ಪೆರ್ರಿ ಸಾಲಿನವ

ನಮಸ್ಕಾರ. ನಾನೂ ನಿಮ್ಮ ರಾಜ್ಯದವನೇ; ಇಪ್ಪತ್ತು ವರ್ಷಗಳಿಂದ ಬುಲ್ಸ್‌ಐ ಎಂದು ಕರೆಯುವ ಒಂದು ಕೈಯ ಪಿಸ್ತೂಲು ಸ್ಪರ್ಧೆಗಳಲ್ಲಿ ಭಾಗವಹಿಸುತ್ತಿದ್ದೇನೆ. ನಿಮ್ಮ ಗುಂಡುಗಳು ಕಾಕತಾಳೀಯವಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ, ಏಕೆಂದರೆ ಇದೇ ಅನುಭವವನ್ನು ಹೊಸಬರ ಮುಖದಲ್ಲಿ ಎಷ್ಟೋ ಸಲ ನೋಡಿದ್ದೇನೆ.

ಕಾರಣ ಇರುವುದು ಟ್ರಿಗರಿನಲ್ಲಿ. ನಿಮ್ಮ ಹೊಸ ಪಿಸ್ತೂಲಿನ ಟ್ರಿಗರ್ ಒಂದು ಮೊಳೆಯ ಸುತ್ತ ತಿರುಗುತ್ತದೆ, ಮತ್ತು ನೀವು ಅದನ್ನು ಎಳೆಯುವಾಗ ಗುಂಡಿನ ಬುಡಕ್ಕೆ ಹೊಡೆಯುವ ಒಳಗಿನ ಸ್ಟ್ರೈಕರ್ ಅನ್ನು ಇನ್ನಷ್ಟು ಹಿಂದಕ್ಕೆ ಸೆಳೆದು ಅದರ ಸ್ಪ್ರಿಂಗನ್ನು ಪೂರ್ತಿ ಬಿಗಿಮಾಡುವ ಕೆಲಸವೂ ನಿಮ್ಮ ಬೆರಳಿನದೇ ಆಗಿರುತ್ತದೆ. 1911ರಲ್ಲಿ ಹಾಗಿಲ್ಲ. ಅಲ್ಲಿ ಟ್ರಿಗರ್ ತಿರುಗುವುದಿಲ್ಲ. ಮೇಜಿನ ಡ್ರಾಯರ್ ಹಾಗೆ ನೇರವಾಗಿ ಹಿಂದಕ್ಕೆ ಜಾರುತ್ತದೆ. ಹ್ಯಾಮರ್, ಅಂದರೆ ಹಳಬರು ಕೋವಿಯ ಕುದುರೆ ಎನ್ನುತ್ತಿದ್ದ ಭಾಗ, ಮೊದಲೇ ಹಿಂದಕ್ಕೆ ಎಳೆದು ನಿಂತಿರುತ್ತದೆ. ಅದನ್ನು ಹಿಡಿದು ನಿಲ್ಲಿಸಿರುವ ಸಣ್ಣ ಉಕ್ಕಿನ ಕೊಕ್ಕೆಯನ್ನು ಕೂದಲೆಳೆಯಷ್ಟು ಸರಿಸುವುದಷ್ಟೇ ಬೆರಳಿನ ಪಾಲಿನ ಕೆಲಸ. ಚೆನ್ನಾಗಿ ಹೊಂದಿಸಿದ 1911ರ ಟ್ರಿಗರ್ ಮೂರೂವರೆಯಿಂದ ನಾಲ್ಕು ಪೌಂಡ್ ಒತ್ತಡಕ್ಕೆ, ಒಣಗಿದ ಕಡ್ಡಿ ಲಟಕ್ಕೆಂದು ಮುರಿದಂತೆ ಬಿಡುತ್ತದೆ. ಬಿಟ್ಟ ಮೇಲೆ ಬೆರಳು ಮುಂದೆ ಓಡುವುದಿಲ್ಲ. ಒಂದು ಕೈಯಲ್ಲಿ ಹಿಡಿದಾಗ ಗುರಿ ತಪ್ಪುವುದು ಬಹುಪಾಲು ಕೈ ನಡುಗುವುದರಿಂದಲ್ಲ, ಟ್ರಿಗರ್ ಎಳೆಯುವ ಬೆರಳು ಇಡೀ ಪಿಸ್ತೂಲನ್ನು ತನ್ನ ಜೊತೆಗೆ ಒಂದಿಷ್ಟು ಎಳೆದುಬಿಡುವುದರಿಂದ. ಎಳೆತ ಚಿಕ್ಕದಾಗಿ ನೇರವಾದಷ್ಟೂ ಆ ತಪ್ಪಿಗೆ ಜಾಗ ಕಡಿಮೆ.

ಎರಡನೆಯದು ತೂಕ. ಉಕ್ಕಿನ 1911 ಖಾಲಿಯಿದ್ದಾಗಲೇ ಒಂದು ಕಿಲೋಗ್ರಾಮಿಗಿಂತ ಹೆಚ್ಚು ತೂಗುತ್ತದೆ. ಸೊಂಟದಲ್ಲಿ ದಿನವಿಡೀ ಹೊತ್ತು ತಿರುಗುವವರಿಗೆ ಇದು ಶಾಪ. ಗುರಿಯ ಮುಂದೆ ನಿಂತವನಿಗೆ ವರ. ಇನ್ನು .45 ಗುಂಡಿನ ಬಗ್ಗೆ ನಿಮಗಿದ್ದ ಹೆದರಿಕೆ ಎಲ್ಲ ಹೊಸಬರಿಗೂ ಇರುವಂಥದ್ದೇ. 230 ಗ್ರೇನ್, ಅಂದರೆ ಸುಮಾರು 15 ಗ್ರಾಂ ತೂಕದ ಆ ಗುಂಡು ಶಬ್ದದ ವೇಗಕ್ಕಿಂತ ನಿಧಾನವಾಗಿ ಸಾಗುತ್ತದೆ. ಆದ್ದರಿಂದ ಅದು ಒದೆಯುವುದಕ್ಕಿಂತ ಹೆಚ್ಚಾಗಿ ತಳ್ಳುತ್ತದೆ. ಹಗುರವಾದ ಪಿಸ್ತೂಲಿನಲ್ಲಿ 9 ಮಿ.ಮೀ. ಗುಂಡು ಕೈಯನ್ನು ಚಟಕ್ಕೆಂದು ಕುಕ್ಕುವುದೇ ಬೇರೆ, ಇದು ಅಂಗೈಯನ್ನು ಹಿಂದಕ್ಕೆ ದೂಡುವುದೇ ಬೇರೆ.

ನಮ್ಮ ಪೂರ್ಣ ಸ್ಪರ್ಧೆಯಲ್ಲಿ 270 ಗುಂಡುಗಳು, 2700 ಅಂಕಗಳು. ಮೂರರಲ್ಲೊಂದು ಭಾಗ .22ರಲ್ಲಿ, ಒಂದು ಭಾಗ ಕೊಳವೆಯ ಬುಡದ ನಟ್ಟನಡುವೆ ಹೊಡೆದು ಹಾರಿಸುವ ಯಾವುದಾದರೂ ಸೆಂಟರ್‌ಫೈರ್ ಪಿಸ್ತೂಲಿನಲ್ಲಿ, ಉಳಿದದ್ದು .45ರಲ್ಲಿ. 50 ಗಜದ ಗುರಿಗೆ ಹತ್ತು ಗುಂಡುಗಳನ್ನು ಹತ್ತು ನಿಮಿಷದಲ್ಲಿ ಹಾರಿಸುವ ನಿಧಾನದ ಸುತ್ತಿನಿಂದ ಹಿಡಿದು, 25 ಗಜಕ್ಕೆ ಐದು ಗುಂಡುಗಳನ್ನು ಹತ್ತು ಸೆಕೆಂಡುಗಳಲ್ಲಿ ಹಾರಿಸುವ ವೇಗದ ಸುತ್ತಿನವರೆಗೆ ಎಲ್ಲವೂ ಒಂದೇ ಕೈಯಲ್ಲಿ. ಇರೀ ಸರೋವರದ ದಂಡೆಯ ಕ್ಯಾಂಪ್ ಪೆರ್ರಿಯಲ್ಲಿ 1907ರಿಂದ ನಡೆದುಬಂದಿರುವ ರಾಷ್ಟ್ರೀಯ ಪಂದ್ಯಗಳಿಗೆ ನೀವು ಒಮ್ಮೆ ಬರಲೇಬೇಕು; ಸರೋವರದ ಗಾಳಿ ಬೀಸಿ ಚಾಚಿದ ಕೈಯನ್ನು ಬಾಳೆ ಎಲೆಯಂತೆ ಅಲುಗಿಸುವಾಗ, ಸಾಲಿನುದ್ದಕ್ಕೂ ನಿಂತವರ ಕೈಯಲ್ಲಿ ಎಷ್ಟು 1911ಗಳಿವೆ ಎಂದು ಎಣಿಸಿ ನೋಡಿ. ಅವರು ಅಲ್ಲಿ ನಿಂತಿರುವುದು ಅಂಕಕ್ಕಾಗಿ.

ಆದರೆ ಒಂದು ಎಚ್ಚರಿಕೆಯ ಮಾತು. 1911 ಎಂಬ ಒಂದೇ ಹೆಸರಿನಲ್ಲಿ ನಿಜವಾಗಿ ಎರಡು ಪಿಸ್ತೂಲುಗಳಿವೆ. ಸೈನ್ಯಕ್ಕಾಗಿ ಮಾಡಿದ್ದು ಕೆಸರು ಮರಳಿನಲ್ಲೂ ನಡೆಯಲೆಂದು ಸಡಿಲವಾಗಿ ಜೋಡಿಸಿದ್ದು. ಕಿವಿಯ ಬಳಿ ಅಲ್ಲಾಡಿಸಿದರೆ ಗಿಲಕಿಯಂತೆ ಸದ್ದು ಮಾಡುವಂಥವೂ ಇವೆ. ಸ್ಪರ್ಧೆಯದು ಚೌಕಟ್ಟಿನ ಮೇಲೆ ಹಿಂದೆ ಮುಂದೆ ಜಾರುವ ಸ್ಲೈಡ್, ನಳಿಗೆ, ನಳಿಗೆಯ ಮುಂತುದಿಯ ಬುಷಿಂಗ್ ಎಂಬ ಉಂಗುರ ಇಷ್ಟನ್ನೂ ಕೈಯಿಂದ ಉಜ್ಜಿ ಬಿಗಿಯಾಗಿ ಕೂರಿಸಿದ್ದು. ನಿಮ್ಮ ಹಿರಿಯರು ಕೊಟ್ಟದ್ದು ಖಂಡಿತ ಎರಡನೆಯ ಬಗೆಯದು. ಇದು ತಿಳಿಯದೆ ನಾನು ನನ್ನ ಮೊದಲ 1911 ಅನ್ನು ಅಗ್ಗಕ್ಕೆ ಸಿಕ್ಕಿತೆಂದು ಕೊಂಡು, ತುಟಿ (ಗುಂಡನ್ನು ಹಿಡಿದಿಡುವ ಮೇಲಂಚು) ಬಾಗಿದ ಹಳೆಯ ಮ್ಯಾಗಜೀನುಗಳಿಂದಾಗಿ ಒಂದು ಇಡೀ ಚಳಿಗಾಲದ ಲೀಗಿನಲ್ಲಿ ಪ್ರತಿ ಸುತ್ತಿಗೂ ಒಮ್ಮೆ ಕೈಯೆತ್ತಿ ‘ಗುಂಡು ಸಿಕ್ಕಿಕೊಂಡಿದೆ’ ಎನ್ನುತ್ತಾ ನಿಲ್ಲಬೇಕಾಯಿತು.

ಉತ್ತರ 2: ಪೀಣ್ಯದ ಫಿಟ್ಟರ್

ಮಾನ್ಯರೇ, ನಾನು ಇಂಥ ಪಿಸ್ತೂಲನ್ನು ಹಾರಿಸಿದವನಲ್ಲ. ಬೆಂಗಳೂರಿನ ಪೀಣ್ಯದಲ್ಲಿ ಮೂವತ್ತೆರಡು ವರ್ಷ ಟೂಲ್‌ರೂಮಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಮಗಳ ಮನೆಗೆಂದು ಅಮೆರಿಕಕ್ಕೆ ಬಂದಾಗ ಅಳಿಯಂದಿರು ಶಸ್ತ್ರ ಸಂಗ್ರಾಹಕರ ಪ್ರದರ್ಶನವೊಂದಕ್ಕೆ ಕರೆದೊಯ್ದಿದ್ದರು. ಅವರು ಅರ್ಧ ಗಂಟೆಯಲ್ಲಿ ಹೊರಡುವುದೆಂದಿದ್ದರು, ನಾನು ಸಂಜೆಯವರೆಗೆ ಅಲ್ಲೇ ಇದ್ದೆ. ಹಾರಿಸದವನಿಗೂ ಆ ವಸ್ತುಗಳು ಏಕೆ ಹಿಡಿಸುತ್ತವೆ ಎಂಬುದನ್ನು ಹೇಳುವ ಆಸೆ.

ಮೇಜಿನ ಮೇಲೆ ಬಿಡಿಸಿಟ್ಟ ಲೂಗರ್ ಒಂದನ್ನು ಅದರ ಮಾಲೀಕರು ನನ್ನ ಕೈಗೆ ಕೊಟ್ಟರು. 1908ರಲ್ಲಿ ಜರ್ಮನ್ ಭೂಸೇನೆ ಅಂಗೀಕರಿಸಿದ ಮಾದರಿ ಅದು. ಅದಕ್ಕೆ ಸ್ಲೈಡ್ ಇಲ್ಲ. ನಮ್ಮ ಮೊಣಕಾಲಿನ ಹಾಗೆ ಮಡಚುವ ಎರಡು ಉಕ್ಕಿನ ಕೊಂಡಿಗಳಿವೆ. ಕಾಲು ನೇರವಾಗಿ ನಿಂತಿರುವಾಗ ಎಷ್ಟು ಭಾರವನ್ನಾದರೂ ತಡೆಯುತ್ತದೆ, ಮಂಡಿಯನ್ನು ಸ್ವಲ್ಪ ಮೇಲಕ್ಕೆ ತಟ್ಟಿದರೆ ಸಾಕು, ಮಡಚಿಕೊಳ್ಳುತ್ತದೆ. ಗುಂಡು ಹಾರಿದಾಗ ನಳಿಗೆಯೂ ಕೊಂಡಿಗಳೂ ಜೊತೆಯಾಗಿ ಒಂದಿಷ್ಟು ಹಿಂದೆ ಸರಿಯುತ್ತವೆ, ಚೌಕಟ್ಟಿನ ಇಳಿಜಾರು ಆ ಮಂಡಿಯನ್ನು ಮೇಲಕ್ಕೆ ತಟ್ಟುತ್ತದೆ, ಕೊಂಡಿ ಮಡಚಿ ಖಾಲಿ ಕೊಳವೆ ಹೊರಕ್ಕೆ ಹಾರುತ್ತದೆ. ಇದನ್ನು ಹೇಳುವುದು ಸುಲಭ. ಮಾಡುವವನ ಕಷ್ಟ ಆ ಒಂದೊಂದು ಮೈಯನ್ನೂ ನೋಡಿದಾಗಲೇ ತಿಳಿಯುವುದು. ಅಚ್ಚಿನಲ್ಲಿ ಒತ್ತಿ ತೆಗೆದ ತಗಡಿನ ಸುಳಿವೇ ಅಲ್ಲಿಲ್ಲ, ಎಲ್ಲವೂ ಗಟ್ಟಿ ಉಕ್ಕಿನಿಂದ ಕೊರೆದದ್ದು.

ಸಣ್ಣ ಭಾಗಗಳು ಹುಲ್ಲಿನ ಬಣ್ಣದ ಹಳದಿಯಲ್ಲಿದ್ದವು. ನೋಡಿದ ಕೂಡಲೇ ನನಗೆ ಕೆಲಸ ಕಲಿಯುತ್ತಿದ್ದ ದಿನಗಳು ನೆನಪಾದವು. ಉಕ್ಕನ್ನು ಕಾಯಿಸಿ ಹದ ಮಾಡುವಾಗ ಸುಮಾರು 230 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಮೈಮೇಲೆ ಮೂಡುವ ಬಣ್ಣ ಅದು. ಇನ್ನೂ ಕಾಯಿಸಿದರೆ ನೇರಳೆಗೆ, ಆಮೇಲೆ ನೀಲಿಗೆ ತಿರುಗುತ್ತದೆ. ನಾವು ಲೇತಿನ ಟೂಲನ್ನು ಹದ ಮಾಡುವಾಗ ಆ ಬಣ್ಣಕ್ಕಾಗಿ ಕಣ್ಣು ಕೀಲಿಸಿ ಕೂರುತ್ತಿದ್ದೆವು. ಬಣ್ಣ ಹಚ್ಚಿದ್ದಲ್ಲ, ಕೆಲಸವೇ ಬಿಟ್ಟುಹೋದ ಬಣ್ಣ. ಒಂದೊಂದು ಭಾಗದ ಮೇಲೂ ಆ ಪಿಸ್ತೂಲಿನ ಕ್ರಮಸಂಖ್ಯೆಯ ಕೊನೆಯ ಎರಡು ಅಂಕಿಗಳನ್ನು ಒತ್ತಿದ್ದರು. ಎಲ್ಲ ಅಂಕಿಗಳೂ ಹೊಂದಿದರೆ ಬೆಲೆ ಮೇಲೇರುತ್ತದೆ, ಒಂದು ಬದಲಾಗಿದ್ದರೂ ಇಳಿಯುತ್ತದೆ ಎಂದು ಮಾಲೀಕರು ಹೇಳಿದರು.

ಪಕ್ಕದ ಮೇಜಿನಲ್ಲಿ ಎರಡನೆಯ ಮಹಾಯುದ್ಧದ ಕಾಲದ 1911ಗಳಿದ್ದವು. ಒಂದರ ಮೇಲೆ ‘ರೆಮಿಂಗ್ಟನ್ ರ್‍ಯಾಂಡ್’ ಎಂದು ಕೆತ್ತಿತ್ತು! ನಮ್ಮೂರಿನ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಬೆರಳು ನೋಯಿಸಿಕೊಂಡು ಕುಟ್ಟಿದ ಅದೇ ರೆಮಿಂಗ್ಟನ್ ಟೈಪ್‌ರೈಟರಿನ ಕಂಪನಿ, ಯುದ್ಧದ ಸಮಯದಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಪಿಸ್ತೂಲುಗಳನ್ನು ಮಾಡಿಕೊಟ್ಟಿತಂತೆ. ಹೊಲಿಗೆ ಯಂತ್ರದ ಸಿಂಗರ್ ಕಂಪನಿ ಮಾಡಿದ್ದು 500 ಮಾತ್ರ. ಅದಕ್ಕೇ ಸಂಗ್ರಾಹಕರು ಅದನ್ನು ಕಂಡರೆ ಪ್ರಾಣ ಬಿಡುತ್ತಾರೆ. ನನಗೆ ಮುಖ್ಯವೆನಿಸಿದ್ದು ಬೇರೆ. ಲೂಗರಿನಲ್ಲಿ ಅಂಕಿ ಒತ್ತಿದ್ದು, ಫಿಟ್ಟರ್ ಆ ಭಾಗವನ್ನು ಆ ಒಂದು ಪಿಸ್ತೂಲಿಗೇ ಹೊಂದಿಸಿದ್ದಾನೆ ಎಂಬುದರ ಗುರುತಾಗಿ. ಟೈಪ್‌ರೈಟರಿನವರೂ ಕೋಲ್ಟ್‌ನವರೂ ಮಾಡಿದ 1911ರ ಭಾಗಗಳಾದರೋ ಒಂದರಿಂದ ತೆಗೆದು ಇನ್ನೊಂದಕ್ಕೆ ಹಾಕುವಂತಿರಬೇಕಿತ್ತು. ಒಂದು ಕೈಕಸುಬಿನ ಕೊನೆಯ ಹೂವು, ಇನ್ನೊಂದು ಗೇಜಿನ, ಅಂದರೆ ಅಳತೆಯ ಸಾಧನದ, ಕಟ್ಟುನಿಟ್ಟು. ಎರಡನ್ನೂ ‘ಕ್ಲಾಸಿಕ್’ ಎಂಬ ಒಂದೇ ಮಾತಿನಲ್ಲಿ ಕಟ್ಟುವುದು ನನಗೆ ಅಷ್ಟು ಸರಿಕಾಣುವುದಿಲ್ಲ, ಆದರೂ ಎರಡನ್ನೂ ಕಂಡರೆ ಕೈ ತಾನಾಗಿ ಮುಂದೆ ಹೋಗುತ್ತದೆ.

ಮತ್ತೊಂದು ಮಾತು. 1911 ಅನ್ನು ಹಿಡಿಯ ಸ್ಕ್ರೂಗಳನ್ನು ಬಿಟ್ಟರೆ ಹೊರಗಿನ ಹತಾರವಿಲ್ಲದೆ, ಅದರ ಒಂದು ಭಾಗವನ್ನೇ ಇನ್ನೊಂದಕ್ಕೆ ಹತಾರವಾಗಿ ಬಳಸಿ ಪೂರ್ತಿ ಬಿಡಿಸಬಹುದೆಂದು ಆ ಮೇಜಿನವರು ತೋರಿಸಿಕೊಟ್ಟರು. 1896ರ ಮೌಸರ್‌ನಲ್ಲಿ, ಪೊರಕೆ ಹಿಡಿಯಂಥ ಹಿಡಿಯನ್ನು ಕಟ್ಟಿರುವ ಒಂದು ಸ್ಕ್ರೂ ಬಿಟ್ಟರೆ ಬೇರೆ ಸ್ಕ್ರೂಗಳೇ ಇಲ್ಲ. ಭಾಗಗಳು ಒಂದನ್ನೊಂದು ಬೀಗ ಹಾಕಿಕೊಂಡು ನಿಲ್ಲುತ್ತವೆ. ಇಂಥದ್ದನ್ನು ಕಾಗದದ ಮೇಲೆ ಪೆನ್ಸಿಲ್ ಹಿಡಿದು ಯೋಚಿಸಿದವರಿಗೆ ದೊಡ್ಡ ನಮಸ್ಕಾರ.

ಉತ್ತರ 3: ಮಡಿಕೇರಿಯ ನಿವೃತ್ತ

ಸೈನ್ಯದಲ್ಲಿ ಸೇವೆ ಸಲ್ಲಿಸಿ ಊರಿಗೆ ಮರಳಿರುವವನು ನಾನು. ಇಲ್ಲಿ ಹೈ-ಪವರ್ ಹೆಸರು ಬಂದದ್ದರಿಂದ ನಾಲ್ಕು ಮಾತು ಬರೆಯುತ್ತಿದ್ದೇನೆ.

1911ರ ಕರ್ತೃ ಜಾನ್ ಬ್ರೌನಿಂಗ್ ಅವರೇ ಹೈ-ಪವರ್ ಕೆಲಸವನ್ನೂ ಆರಂಭಿಸಿದ್ದರು. 1926ರಲ್ಲಿ ಬೆಲ್ಜಿಯಮ್ಮಿನ ಲೀಜ್ ಬಳಿಯ ಎಫ್‌ಎನ್ ಶಸ್ತ್ರ ಕಾರ್ಖಾನೆಯಲ್ಲೇ ಅವರು ಕೊನೆಯುಸಿರೆಳೆದರು. ಉಳಿದದ್ದನ್ನು ಅಲ್ಲಿಯ ವಿನ್ಯಾಸಕಾರ ದ್ಯೂದೊನೆ ಸೈವ್ ಮುಗಿಸಿದರು, 1935ರಲ್ಲಿ ಪಿಸ್ತೂಲು ಹೊರಬಂದಿತು. ಎರಡು ಸಾಲಿನ ಮ್ಯಾಗಜೀನಿನಲ್ಲಿ 13 ಗುಂಡು. ಆ ಕಾಲಕ್ಕೆ ಅದು ದೊಡ್ಡ ಸಂಖ್ಯೆ. ಎರಡನೆಯ ಮಹಾಯುದ್ಧದ ನಡುವೆ ಕೆನಡಾದ ಟೊರಾಂಟೊ ನಗರದ ಇಂಗ್ಲಿಸ್ ಕಾರ್ಖಾನೆ ಇದನ್ನು ತಯಾರಿಸಿತು. ಭಾರತದಲ್ಲಿ ಇಶಾಪುರದ ರೈಫಲ್ ಫ್ಯಾಕ್ಟರಿ ಆ ಮಾದರಿಯಲ್ಲೇ ‘ಪಿಸ್ತೂಲ್ ಆಟೋ 9 ಮಿ.ಮೀ. 1ಎ’ ಮಾಡಿತು. ನನ್ನ ಸೊಂಟದಲ್ಲಿ ಇದ್ದದ್ದು ಅದೇ.

ಅದರ ಟ್ರಿಗರ್ ಚೆನ್ನಾಗಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ಮ್ಯಾಗಜೀನ್ ಹೊರಗಿದ್ದರೆ ಗುಂಡು ಹಾರದಂತೆ ತಡೆಯುವ ಒಂದು ಏರ್ಪಾಡು ಅದರಲ್ಲಿದೆ. ಅದು ಮ್ಯಾಗಜೀನಿನ ಮೈಗೆ ಉಜ್ಜಿಕೊಂಡು ಚಲಿಸುವುದರಿಂದ ಟ್ರಿಗರ್ ಎಳೆತದಲ್ಲಿ ಮರಳು ಸಿಕ್ಕಿದಂಥ ಅನುಭವವಾಗುತ್ತದೆ. ಹ್ಯಾಮರಿನ ತುದಿ ಹೆಬ್ಬೆರಳಿನ ಸಂದಿಯ ಚರ್ಮವನ್ನು ಕಚ್ಚುವುದೂ ಉಂಟು. ದಪ್ಪ ಅಂಗೈಯ ಅಧಿಕಾರಿಗಳು ವಾರ್ಷಿಕ ಫೈರಿಂಗ್ ಮುಗಿಸಿ ಬಂದ ಸಂಜೆ ಆ ಗಾಯಕ್ಕೆ ಡೆಟಾಲ್ ಹಚ್ಚಿಕೊಳ್ಳುತ್ತಿದ್ದುದನ್ನು ಕಂಡಿದ್ದೇನೆ. ನಾನೂ ಹಚ್ಚಿಕೊಂಡಿದ್ದೇನೆ.

ಹೀಗಿದ್ದೂ ಅದು ಕೈಗೆ ಬಂದ ಕ್ಷಣದಲ್ಲಿ ಬೇರೆ ಯಾವುದೂ ಹಾಗೆ ಕೂರುವುದಿಲ್ಲ ಎನಿಸುತ್ತಿತ್ತು. 13 ಗುಂಡು ಹಿಡಿಸುವ ಹಿಡಿ ಅಷ್ಟು ತೆಳುವಾಗಿ, ದುಂಡಾಗಿ ಇರಲು ಹೇಗೆ ಸಾಧ್ಯವಾಯಿತೋ! ಕಣ್ಣು ಮುಚ್ಚಿ ಕೈ ಎತ್ತಿ, ಕಣ್ಣು ತೆರೆದರೆ ಮುಂದಿನ ಗುರಿಮೊನೆ ಹಿಂದಿನ ಕಂಡಿಯ ನಡುವೆ ಬಂದು ನಿಂತಿರುತ್ತಿತ್ತು. ಪ್ರಶ್ನೆ ಕೇಳಿದ ಯುವಕರಿಗೆ ಹೇಳುವುದೇನೆಂದರೆ, ಆಕರ್ಷಣೆಯೆಲ್ಲ ಟ್ರಿಗರಿನಲ್ಲಿದೆ ಎಂಬ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಕೆಟ್ಟ ಟ್ರಿಗರಿನ ಪಿಸ್ತೂಲನ್ನೂ ಮೆಚ್ಚಿದವನು ನಾನು.

ಇಲ್ಲಿ ಭಾರತದಲ್ಲಿ ಓದುತ್ತಿರುವವರಿಗೆ ಒಂದು ಸೂಚನೆ. 9 ಮಿ.ಮೀ. ಇಲ್ಲಿ ನಿಷೇಧಿತ ಬೋರ್ (ನಳಿಗೆಯ ಒಳ ಅಳತೆ). ಸಾಮಾನ್ಯ ನಾಗರಿಕರಿಗೆ ದೊರೆಯುವುದಿಲ್ಲ. ವಿದೇಶಿ ಶಸ್ತ್ರಗಳ ಆಮದು 1980ರ ದಶಕದಲ್ಲೇ ಸಾಮಾನ್ಯರ ಪಾಲಿಗೆ ನಿಂತುಹೋದದ್ದರಿಂದ, ಹಳೆಯ ಮನೆತನಗಳಲ್ಲಿ ಉಳಿದಿರುವ .32ರ ವಾಲ್ಥರ್, ವೆಬ್ಲಿ ಸ್ಕಾಟ್‌ಗಳು ಪರವಾನಗಿದಾರರ ನಡುವೆಯೇ ಹಲವು ಲಕ್ಷ ರೂಪಾಯಿಗಳಿಗೆ ಕೈ ಬದಲಾಯಿಸುತ್ತವೆ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಒಬ್ಬರು ಇಟ್ಟುಕೊಳ್ಳಬಹುದಾದ ಶಸ್ತ್ರಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿದಿದೆ. ನಮ್ಮ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇರುವುದು ಎಲ್ಲರಿಗೂ ತಿಳಿದದ್ದೇ. ಆದರೆ ಕೈಲ್‌ಪೊಳ್ದ್ ಹಬ್ಬದ ದಿನ ತೋಕ್‌ಪೂ ಎಂಬ ಹೂ ಮುಡಿಸಿ ಪೂಜಿಸುವುದು ಉದ್ದನೆಯ ಕೋವಿಯನ್ನು. ಪಿಸ್ತೂಲು ನಮ್ಮ ಮನೆಗಳಿಗೆ ಸೈನ್ಯದ ದಾರಿಯಿಂದ ಬಂದ ಪರಿಚಯ.

ಉತ್ತರ 4: ಟೆಕ್ಸಾಸ್ ಗಡಿಯಾರ

ಎಲ್ಲರ ಭಾವನೆಗಳನ್ನು ಗೌರವಿಸುತ್ತಲೇ ವಿರುದ್ಧದ ಮಾತೊಂದನ್ನು ಆಡುತ್ತೇನೆ. ನಾನು ಐಪಿಎಸ್‌ಸಿ (ಅಂತರರಾಷ್ಟ್ರೀಯ ಪ್ರಾಯೋಗಿಕ ಶೂಟಿಂಗ್ ಒಕ್ಕೂಟದ) ಬಗೆಯ, ಓಡುತ್ತಾ ಹಾರಿಸುವ ಸ್ಪರ್ಧೆಗಳಲ್ಲಿ ಭಾಗವಹಿಸುವವನು. ನಮ್ಮಲ್ಲಿ ಅಂಕವನ್ನು ಕಾಲದಿಂದ ಭಾಗಿಸುತ್ತಾರೆ. ಗಡಿಯಾರಕ್ಕೆ ಇತಿಹಾಸದ ಮೇಲೆ ಮಮತೆ ಇಲ್ಲ. ಏಳು ಗುಂಡಿನ ಮ್ಯಾಗಜೀನ್, ದುಬಾರಿ .45 ಗುಂಡು, ಅದರ ಜೊತೆಗೆ ಫಿಟ್ಟರ್ ಹಂಗು. ಇವು ಯಾವುವೂ ಹೊಸಬನಿಗೆ ಬೇಕಿಲ್ಲ.

ಅಲ್ಲದೆ ನಾವು ‘ಹಳೆಯ ಪಿಸ್ತೂಲುಗಳು ಎಷ್ಟು ಚೆನ್ನ’ ಎನ್ನುವಾಗ ಉಳಿದುಬಂದವನ್ನು ಮಾತ್ರ ನೋಡುತ್ತಿರುತ್ತೇವೆ. ಜಪಾನಿನ ನಂಬು 94 ಮಾದರಿಯೂ ಹಳೆಯದೇ. ಅದರ ಎಡಮೈಯಲ್ಲಿ ಹೊರಗೇ ಕಾಣುವ ಒಂದು ಸಲಾಕೆಯಿದೆ. ಗುಂಡು ತುಂಬಿ ಸಜ್ಜಾಗಿರುವಾಗ ಅದನ್ನು ಒತ್ತಿದರೆ ಟ್ರಿಗರ್ ಮುಟ್ಟದೆಯೇ ಗುಂಡು ಹಾರಿಬಿಡುತ್ತದೆ. ಅದನ್ನು ಯಾರೂ ಬಟ್ಟೆಯಲ್ಲಿ ಸುತ್ತಿ ತಂದು ಹಾರಿಸಿ ಕಣ್ಣೊದ್ದೆ ಮಾಡಿಕೊಳ್ಳುವುದಿಲ್ಲ.

ಹಳೆಯ ಉಕ್ಕಿನ ರುಚಿಯೇ ಬೇಕೆನ್ನುವವರಿಗೆ ಚೆಕ್ ದೇಶದ ಸಿಝಡ್ 75 ಇದೆ. 1975ರ ಹೊತ್ತಿಗೆ ಕೌಟ್ಸ್ಕಿ ಸಹೋದರರು ರೂಪಿಸಿದ್ದು. ಸ್ಲೈಡ್ ಚೌಕಟ್ಟಿನ ಹೊರಗಲ್ಲ, ಒಳಗೆ ಜಾರುತ್ತದೆ. ಅದರ ಇಂದಿನ ವಂಶಜ ಶ್ಯಾಡೊ 2 ನನ್ನ ಕೈಯಲ್ಲಿದೆ. ಮೈಸೂರಿನವನಾದ್ದರಿಂದ ಒಂದು ಅಡ್ಡಮಾತಿಗೆ ಕ್ಷಮೆಯಿರಲಿ: ನಮ್ಮೂರಿನಲ್ಲಿ ತಯಾರಾದ ಜಾವಾ ಮೋಟರ್‌ಸೈಕಲ್ಲಿನ ಮೂಲಪುರುಷ ಯಾನೆಚೆಕ್ ಕೂಡ ಚೆಕ್ ದೇಶದ ಶಸ್ತ್ರ ತಯಾರಕನೇ. ವಾಂಡರರ್ ಕಂಪನಿಯ ಬೈಕಿನ ವಿನ್ಯಾಸವನ್ನು ಕೊಂಡು, ಎರಡು ಹೆಸರುಗಳ ಮೊದಲ ಅಕ್ಷರಗಳನ್ನು (JA, WA) ಸೇರಿಸಿ ಜಾವಾ ಎಂದಿಟ್ಟ.

ಉತ್ತರ 5: ಪೆರ್ರಿ ಸಾಲಿನವ

ಟೆಕ್ಸಾಸ್ ಮಿತ್ರರಿಗೆ ಒಂದೇ ಪ್ರಶ್ನೆ. ನಿಮ್ಮದೇ ಸ್ಪರ್ಧೆಗಳ, ಪಿಸ್ತೂಲನ್ನು ಬಹುಮಟ್ಟಿಗೆ ಇಷ್ಟಬಂದಂತೆ ಮಾರ್ಪಡಿಸಬಹುದಾದ ಓಪನ್ ವಿಭಾಗದಲ್ಲಿ ಗೆಲ್ಲುವವರ ಕೈಯಲ್ಲಿ ಇರುವುದು ಬಹುಮಟ್ಟಿಗೆ ಏನು? ಮ್ಯಾಗಜೀನನ್ನು ಎರಡು ಸಾಲಿನದಾಗಿ ಮಾಡಿದರು, ಹಿಡಿಯನ್ನು ಪ್ಲಾಸ್ಟಿಕ್ಕಿಗೆ ಬದಲಾಯಿಸಿದರು, ಮೇಲೆ ಕೆಂಪು ಚುಕ್ಕೆ ತೋರಿಸುವ ಗುರಿಸಾಧನ ಕೂರಿಸಿದರು; ಆದರೆ ನೇರವಾಗಿ ಜಾರುವ 1911ರ ಟ್ರಿಗರನ್ನು ಹಾಗೆಯೇ ಉಳಿಸಿಕೊಂಡರು. ಗಡಿಯಾರವೇ ಅದನ್ನು ಉಳಿಸಿತಲ್ಲವೇ? ನಿಮ್ಮ ಸ್ಪರ್ಧಾಪದ್ಧತಿಗೆ 1976ರಲ್ಲಿ ಮಿಸೌರಿಯ ಕೊಲಂಬಿಯಾದಲ್ಲಿ ಅಡಿಪಾಯ ಹಾಕಿದ ಜೆಫ್ ಕೂಪರ್ 1911ರ ಕಟ್ಟಾ ಅಭಿಮಾನಿಯಾಗಿದ್ದರು ಎಂಬುದನ್ನೂ ನೆನಪಿಸುತ್ತೇನೆ. ಇನ್ನು ಪ್ಲಾಸ್ಟಿಕ್ ಪಿಸ್ತೂಲನ್ನು ಬಿಡಿಸಿ ನೋಡಿ. ನಳಿಗೆಯೂ ಸ್ಲೈಡೂ ಕೂಡಿಕೊಂಡು ಸ್ವಲ್ಪ ಹಿಂದೆ ಹೋಗಿ, ನಳಿಗೆಯ ಹಿಂಬದಿ ಕೆಳಕ್ಕೆ ಬಾಗಿ ಬಿಡಿಸಿಕೊಳ್ಳುವ ಆ ಉಪಾಯ ಬ್ರೌನಿಂಗ್ ಅವರದೇ. 1911ರಲ್ಲಿ ಅದನ್ನು ಒಂದು ಪುಟ್ಟ ಕೊಂಡಿ ಎಳೆಯುತ್ತಿತ್ತು, ಹೈ-ಪವರ್‌ನಲ್ಲಿ ಓರೆಯಾಗಿ ಕೊರೆದ ಕಂಡಿ ಆ ಕೆಲಸ ಮಾಡಿತು, ಈಗಿನವು ಹೈ-ಪವರ್ ದಾರಿಯಲ್ಲಿವೆ.

ನಂಬು 94ರ ವಿಷಯದಲ್ಲಿ ಮಾತ್ರ ನಿಮ್ಮ ಮಾತನ್ನು ಒಪ್ಪಿದೆ. ಮಡಿಕೇರಿಯ ಸರ್ ಹೇಳಿದ್ದಕ್ಕೂ ತಲೆಬಾಗುತ್ತೇನೆ. ಕೈಗೆ ಕೂರುವ ಗುಣವನ್ನು ನಾನು ಮೊದಲ ಉತ್ತರದಲ್ಲಿ ಮರೆತದ್ದು ತಪ್ಪು.

ಪ್ರತಿಕ್ರಿಯೆ: ಓಹಾಯೊ ಹೊಸಬ

ಎಲ್ಲರಿಗೂ ಕೃತಜ್ಞತೆಗಳು. ನಿಮ್ಮ ಉತ್ತರಗಳನ್ನು ಓದಿದ ಮೇಲೆ ಸುಮ್ಮನಿರಲಾರದೆ ಕಳೆದ ಶನಿವಾರ ಒಂದು ಪರೀಕ್ಷೆ ಮಾಡಿದೆ. ಹಿರಿಯರ 1911 ಮತ್ತು ನನ್ನ 9 ಮಿ.ಮೀ. ಎರಡನ್ನೂ ಮೊದಲು ಮರಳಿನ ಚೀಲದ ಮೇಲೆ ಕೈ ಊರಿ, ಎರಡೂ ಕೈಗಳಲ್ಲಿ ಹಿಡಿದು, 25 ಗಜಕ್ಕೆ ತಲಾ ಹತ್ತು ಗುಂಡು ಹಾರಿಸಿದೆ. ಕಾಗದಗಳನ್ನು ಅಕ್ಕಪಕ್ಕ ಹಿಡಿದರೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆಮೇಲೆ ಎದ್ದು ನಿಂತು ಒಂದೇ ಕೈಯಲ್ಲಿ ತಲಾ ಹತ್ತು. 1911ರ ಹತ್ತರಲ್ಲಿ ಎಂಟು ಗುಂಡುಗಳು ಕಪ್ಪು ವೃತ್ತದೊಳಗೆ ಬಿದ್ದವು. ನನ್ನದರಲ್ಲಿ ನಾಲ್ಕು ಮಾತ್ರ, ಉಳಿದ ಆರೂ ಒಂದೇ ದಿಕ್ಕಿಗೆ, ಕೆಳಗೆ ಎಡಕ್ಕೆ ಹೋಗಿದ್ದವು. ನಾನು ಬಲಗೈಯವನು. ಆ ಆರು ತೂತುಗಳನ್ನು ನೋಡಿ ಹಿರಿಯರು, ಇವು ಪಿಸ್ತೂಲಿನವಲ್ಲ, ನಿನ್ನ ಬೆರಳಿನವು ಎಂದರು.

ಬಳಿಕ ಅವರು ನನ್ನನ್ನು ಕೂರಿಸಿಕೊಂಡು 1911 ಅನ್ನು ಬಿಡಿಸುವುದನ್ನು ಕಲಿಸಿದರು. ಬುಷಿಂಗನ್ನು ತಿರುಗಿಸುವಾಗ ಸ್ಪ್ರಿಂಗಿನ ಮುಚ್ಚಳ ಕೈ ಜಾರಿ ಛಾವಣಿಗೆ ಹಾರಿತು, ಹುಡುಕಲು ಹತ್ತು ನಿಮಿಷ ಹಿಡಿಯಿತು. ಇದು ಎಲ್ಲರಿಗೂ ಒಮ್ಮೆ ಆಗಲೇಬೇಕಾದ ಸಂಸ್ಕಾರವೆಂದು ಪಕ್ಕದವರು ಸಮಾಧಾನ ಹೇಳಿದರು. ಈಗ ನನಗೂ ಒಂದು ಕೊಳ್ಳುವ ಮನಸ್ಸಾಗಿದೆ. ಸೈನ್ಯದ ದಾಸ್ತಾನಿನಿಂದ ಬಂದ ಹಳೆಯದನ್ನೇ ಕೊಳ್ಳಬೇಕೇ, ಹೊಸದಾಗಿ ತಯಾರಾದದ್ದು ಸಾಕೇ?

ಉತ್ತರ 6: ಪೆರ್ರಿ ಸಾಲಿನವ

ಹಳೆಯದು ಬೇಕೆಂದರೆ, ನಾಗರಿಕರಲ್ಲಿ ಗುರಿಗಾರಿಕೆಯನ್ನು ಬೆಳೆಸುವ ಸಿಎಂಪಿ ಸಂಸ್ಥೆ ಸೈನ್ಯದ ಹೆಚ್ಚುವರಿ 1911ಗಳನ್ನು 2018ರಿಂದ ಚೀಟಿ ಎತ್ತುವ ಕ್ರಮದಲ್ಲಿ ಮಾರುತ್ತಾ ಬಂದಿದೆ. ಅವು ಇತಿಹಾಸಕ್ಕೆ ಕೊಡುವ ಬೆಲೆ, ಅಂಕಕ್ಕಲ್ಲ. ಪೀಣ್ಯದ ಹಿರಿಯರಂತೆ ನೋಡಿ ಸಂತೋಷಪಡುವುದಿದ್ದರೆ ಅದನ್ನೇ ಕೊಳ್ಳಿ. ಹಾರಿಸುವುದಿದ್ದರೆ ಹೊಸದಾಗಿ ತಯಾರಾದ, 5 ಇಂಚಿನ ನಳಿಗೆಯ, ಪೂರ್ಣ ಉಕ್ಕಿನದನ್ನು ಕೊಳ್ಳಿ. 1983ರ ಬಳಿಕ ಕೋಲ್ಟ್‌ನಲ್ಲಿ ಬಂದ ಸೀರೀಸ್ 80 ವಿನ್ಯಾಸದಲ್ಲಿ ಗುಂಡಿನ ಬುಡಕ್ಕೆ ಹೊಡೆಯುವ ಫೈರಿಂಗ್ ಪಿನ್ನನ್ನು ತಡೆಯುವ ಹೆಚ್ಚಿನ ಭಾಗಗಳಿವೆ. ಟ್ರಿಗರ್ ಒಂದಿಷ್ಟು ಜಡವಾಗುತ್ತದೆಂದು ನಮ್ಮ ಸಾಲಿನವರು ಗೊಣಗುತ್ತಾರೆ, ನಿಮ್ಮ ಮಟ್ಟಕ್ಕೆ ಆ ವ್ಯತ್ಯಾಸ ತಿಳಿಯಲಾರದು.

ಆದರೆ ಅದಕ್ಕೂ ಮೊದಲು ಒಂದು .22 ಪಿಸ್ತೂಲು ತೆಗೆದುಕೊಳ್ಳಿ. ಕೆಳಗೆ ಎಡಕ್ಕೆ ಹೋದ ಆ ಆರು ಗುಂಡುಗಳನ್ನು ಸರಿಪಡಿಸಲು ಸಾವಿರಾರು ಗುಂಡು ಬೇಕಾಗುತ್ತದೆ, ಅಷ್ಟನ್ನೂ .45ರಲ್ಲಿ ಹಾರಿಸಿದರೆ ಮನೆಯಲ್ಲಿ ಮಾತು ಕೇಳಬೇಕಾಗುತ್ತದೆ. 1949ರಿಂದ ಇರುವ ರೂಗರ್ ಸ್ಟ್ಯಾಂಡರ್ಡ್ ವಂಶದ ಯಾವುದಾದರೂ ಸಾಕು; ನೋಡಲು ಲೂಗರಿನ ಹಾಗಿರುವುದರಿಂದ ಆ ಆಸೆಯೂ ಸ್ವಲ್ಪ ತೀರುತ್ತದೆ. ಚಳಿಗಾಲದ ಲೀಗ್ ನವೆಂಬರಿನಲ್ಲಿ ಶುರುವಾಗುತ್ತದೆ. ಬರುವಾಗ 1911ರ ಒಳ್ಳೆಯ ಮ್ಯಾಗಜೀನುಗಳು ಎರಡು, ಸ್ಲೈಡನ್ನು ಮತ್ತೆ ಮುಂದಕ್ಕೆ ತಳ್ಳುವ 16 ಪೌಂಡಿನ ರಿಕಾಯಿಲ್ ಸ್ಪ್ರಿಂಗ್ ಒಂದು ಹೆಚ್ಚಿಗೆ ಇಟ್ಟುಕೊಳ್ಳಿ, ಮತ್ತು ಆ ಮುಚ್ಚಳದ ಮೇಲೆ ಹೆಬ್ಬೆರಳು ಬಿಡಬೇಡಿ.